ಮಂತ್ರಿಯ ಪಥ್ಯ

ಫೆಬ್ರವರಿ ೨

ಇಂದು ನಮ್ಮ ಮನೆಯಲ್ಲಿ ನ್ಯಾಯಸ್ಥಾನ ಸೇರಿತ್ತು. ಆರೋಪಿಗೆ ನಾಲ್ಕು ಕಾಲು. ನ್ಯಾಯಾಧೀಶನ ಪಾತ್ರ ನನ್ನದೆಂದು ಎದೆಯುಬ್ಬಿಸಿ ಕುಳಿತಿದ್ದೆ. ಕಲಾಪ ಮುಗಿಯುವ ಹೊತ್ತಿಗೆ ಮೋಸ ಹೋದ ಗಂಡನ ಪಾತ್ರ ನನ್ನ ತಲೆಗೆ ಕಟ್ಟಿಯಾಗಿತ್ತು.

ನಮ್ಮ ನಾಯಿ ಮಂತ್ರಿಗೆ ಮೈಯೆಲ್ಲ ಕೆರೆತ. ಕಿವಿಯೊಳಗೆ ಕೆಂಡದ ಕೆಂಪು, ಹೊಟ್ಟೆಯ ಮೇಲೆ ಗಂಧೆ, ಪಾದ ಕಚ್ಚಿ ಕಚ್ಚಿ ರಕ್ತ. ಡಾಕ್ಟರಮ್ಮ ಅವನನ್ನು ಮೇಜಿನ ಮೇಲೆ ಮಗುಚಿ ನೋಡಿ ಹೇಳಿದರು: "ಇದು ಹುಳದ ಕೆಲಸ ಅಲ್ಲ, ಊಟದ್ದು. ತಿನ್ನೋದರಲ್ಲಿ ಯಾವುದೋ ಒಂದು ಇವನ ಮೈಗೆ ಒಗ್ತಿಲ್ಲ. ಹುಟ್ಟಿದಾಗಿನಿಂದ ಇವನು ತಿಂದೇ ಇಲ್ಲದ ಒಂದು ಮಾಂಸ ಹುಡುಕಿ. ಆರು ವಾರ ಅದೊಂದೇ. ಬೇರೆ ಒಂದು ಚೂರು ಬಾಯಿಗೆ ಹೋದ್ರೂ ಮತ್ತೆ ಮೊದಲಿಂದ ಶುರು."

"ಗುಣವಾಗದಿದ್ದರೆ?" ಎಂದೆ.

"ಜೀವನಪೂರ್ತಿ ಮಾತ್ರೆ. ಮಾತ್ರೆ ಕೆರೆತ ನಿಲ್ಲಿಸುತ್ತೆ, ಒಳಗಿಂದೊಳಗೆ ಆಯಸ್ಸು ತಿನ್ನುತ್ತೆ."

ಹಾಗಾಗಿ ಮನೆಯವರನ್ನೆಲ್ಲ ಹಜಾರದಲ್ಲಿ ಕೂಡಿಸಿ, ನಾಟಕಶಾಲೆಯ ಬಾಲ್ಕನಿಯ ಕೊನೆಯ ಸಾಲಿಗೂ ಕೇಳುವ ದನಿಯಲ್ಲಿ ಗುಡುಗಿದೆ: "ಈ ಪ್ರಾಣಿ ಇದುವರೆಗೆ ಏನೇನು ತಿಂದಿದೆ? ಸತ್ಯ ಹೊರಬೀಳಲಿ!"

ಬಿತ್ತು. ಅದರ ಅಡಿಯಲ್ಲಿ ನಾನು ಸಿಕ್ಕಿಬಿದ್ದೆ.

ನನ್ನ ಹೆಂಡತಿ, ಅಂಚೆ ಕಚೇರಿಯಲ್ಲಿ ಮೂರು ಸಾಲು ಜನರನ್ನು ಕಣ್ಣಲ್ಲೇ ನಿಲ್ಲಿಸುವ ಹೆಂಗಸು, ಸೆರಗಿನ ತುದಿ ನೋಡುತ್ತ, "ಬೆಳಿಗ್ಗೆ ಬೆಣ್ಣೆ ಹಚ್ಚಿದ ಬ್ರೆಡ್ಡು. ಒಂದೇ ತುಂಡು. ದಿನಾ" ಎಂದಳು. ಮಹಡಿಯ ಮೇಲಿನ ಅಜ್ಜಿ ಮೆಟ್ಟಿಲಿನಿಂದಲೇ, "ನಂದು ಬರೀ ಹಾಲು ಕಣಪ್ಪ, ಬಿಸ್ಕತ್ತು ಅದ್ದಿ!" ಎಂದು ಕೂಗಿದರು. ಇನ್ನು ನನ್ನ ಭಾವಮೈದುನ. ಹೋಟೆಲಿನ ಅಡುಗೆಯವನು, ಹೋಟೆಲು ಮುಚ್ಚಿತೆಂದು ನಾಲ್ಕು ದಿನಕ್ಕೆ ಬಂದು, ಹೋದ ಮಳೆಗಾಲದಿಂದ ನಮ್ಮ ಹಜಾರದ ಮಂಚದಲ್ಲಿ ಬೇರುಬಿಟ್ಟವನು. ಅವನು ಬೆರಳು ಮಡಿಸತೊಡಗಿದ: ಕೋಳಿ, ಕೋಳಿಯ ಈಲಿ, ಮೊಟ್ಟೆ, ಕುರಿಯ ಮೂಳೆ, ದನ, ಹಂದಿ, "ಒಂದ್ಸಲ ಬಾತುಕೋಳೀನೂ, ಭಾವ, ಅದು ತಾನಾಗಿ ಬಿದ್ದಿದ್ದು."

ನಾನು ಕದ್ದು ಕೊಡುತ್ತಿದ್ದ ಮೀನಿನ ತಲೆಗಳೇ ಮಂತ್ರಿಯ ಬಾಳಿನ ಏಕೈಕ ರಹಸ್ಯವೆಂದು ನಂಬಿದ್ದೆನಲ್ಲ! ನನ್ನ ಬೆನ್ನ ಹಿಂದೆ ಅವನಿಗೆ ಮಹಡಿಯಲ್ಲೊಂದು ಸಂಸಾರ, ಅಡುಗೆಮನೆಯಲ್ಲೊಂದು ಸಂಸಾರ. ಆರೋಪಿ ಬಾಲ ಆಡಿಸುತ್ತ ಎಲ್ಲರ ಮುಖ ನೋಡಿದ. ಭಾವಮೈದುನನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದ. ನಾನು ಕಂಡೆ.

ಫೆಬ್ರವರಿ ೫

ಡಾಕ್ಟರಮ್ಮ ಒಂದು ಚೀಲ ಕೊಟ್ಟಿದ್ದಾರೆ. ಒಣ ಕಾಳಿನಂಥ ಆಹಾರ. ಅದರ ಮಾಂಸಸತ್ವವನ್ನು ಎಷ್ಟು ಸಣ್ಣಗೆ ಒಡೆದಿರುತ್ತಾರೆಂದರೆ, ಮೈ ಅದನ್ನು ಶತ್ರುವೆಂದು ಗುರುತೇ ಹಿಡಿಯುವುದಿಲ್ಲವಂತೆ. ಆಹಾ! ವೇಷ ಮರೆಸಿಕೊಂಡು ಕೋಟೆ ಹೊಗುವ ಪಾತ್ರ! ನನ್ನಂಥ ಹಳೆಯ ನಟನಿಗಲ್ಲದೆ ಇನ್ನಾರಿಗೆ ಇದು ಅರ್ಥವಾಗಬೇಕು? ಉಣಿಸುವ ಅಧಿಕಾರ ನನ್ನದೆಂದು ಸಾರಿದೆ.

ಮೊಣಕಾಲೂರಿ ಬಟ್ಟಲು ಮುಂದಿಟ್ಟೆ. ಮಂತ್ರಿ ಮೂಸಿದ. ನನ್ನನ್ನು ನೋಡಿದ. ಮುಂಗಾಲಿನಿಂದ ಬಟ್ಟಲನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದ.

ಭಾವಮೈದುನ ಬಾಗಿಲಿಗೊರಗಿ, "ವೇಷ ಚೆನ್ನಾಗಿದೆ ಭಾವ, ಮಾತು ಸಾಲದು" ಎಂದ. ಹೆಂಡತಿ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ಅದೂ ಅವನ ಮಾತಿಗೆ.

ಫೆಬ್ರವರಿ ೮

ಮೂರು ದಿನ ಉಪವಾಸ. ಚೀಲ ಸೋತಿತು.

ಇಂದು ಬೆಳಿಗ್ಗೆ ಭಾವಮೈದುನ ಎಲ್ಲಿಂದಲೋ ಮೊಲದ ಮಾಂಸ ತಂದ. ಮಂತ್ರಿ ಮೊಲ ತಿಂದಿಲ್ಲವೆಂದು ಮಹಡಿಯ ಅಜ್ಜಿಯವರೆಗೂ ಎಲ್ಲರೂ ಆಣೆ ಮಾಡಿದ್ದರು. ಜೊತೆಗೆ ಸಿಹಿಗೆಣಸು, ಅದೂ ಹೊಸದೇ. ಉಪ್ಪಿಲ್ಲ, ಎಣ್ಣೆಯಿಲ್ಲ. ಬೇರೆ ಪಾತ್ರೆ, ಬೇರೆ ಸೌಟು. ಬೇಯಿಸಿ, ಕಿಟಕಿಯ ಕಟ್ಟೆಯ ಮೇಲೆ ಆರಿಸಿ, ಬೆರಳಲ್ಲಿ ಎಳೆ ಎಳೆ ಬಿಡಿಸಿಟ್ಟ. ಡಾಕ್ಟರಮ್ಮ ಫೋನಿನಲ್ಲಿ, "ಇದಕ್ಕಿಂತ ಒಳ್ಳೇದು ಏನಿದೆ" ಎಂದುಬಿಟ್ಟರು. ಮಂತ್ರಿ ಬಟ್ಟಲಿನ ಬಣ್ಣ ಹೋಗುವವರೆಗೆ ನೆಕ್ಕಿದ. ಆಮೇಲೆ ಹೋಗಿ ಭಾವಮೈದುನನ ಮಂಚದ ಕೆಳಗೆ ಮಲಗಿದ.

ಆಗಲಿ! ಹೊಟ್ಟೆ ಅವನಿಗೆ ಸಲ್ಲಲಿ, ಹೃದಯ ನನ್ನದು. ಅದಕ್ಕೆ ಸಾಕ್ಷಿಯುಂಟು. ನಾನು ನಾಟಕ ಕಂಪನಿಯ ಕಾರ್ಖಾನೆಯಲ್ಲಿ ಮುಖವಾಡ, ಕಿರೀಟ, ರಾಕ್ಷಸರ ತಲೆ ಮಾಡುವವನು. ಮೊಣಕಾಲು ಕೈಕೊಡುವವರೆಗೆ ರಾಜನ ಪಾತ್ರ ಕಟ್ಟುತ್ತಿದ್ದವನು. ಈಗ ರಾಜರ ತಲೆ ಕಟ್ಟುತ್ತೇನೆ, ಹಳೆಯ ಪತ್ರಿಕೆ ಮತ್ತು ಅಂಟಿನಿಂದ. ಸಂಜೆ ಕೆಲಸದಿಂದ ಬಂದು ಬಾಗಿಲು ತೆರೆದೊಡನೆ ಮಂತ್ರಿ ಎಲ್ಲಿದ್ದರೂ ಓಡಿಬಂದು ನನ್ನ ಎರಡೂ ಕೈ ನೆಕ್ಕುತ್ತಾನೆ. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು, ಒಂದನ್ನೂ ಬಿಡುವುದಿಲ್ಲ. ಇಂಥ ಸನ್ಮಾನ ಬೇರೆ ಯಾವ ಕೈಗೂ ಇಲ್ಲ. ಅವನನ್ನು ಕಾಯಿಸಬಾರದೆಂದು ನಾನು ಕೈಯನ್ನೂ ತೊಳೆಯದೆ ನೇರ ಮನೆಗೆ ಬರುತ್ತೇನೆ. ಬೇಯಿಸಿ ಹಾಕುವವನ ಕೈ ಅವನು ನೆಕ್ಕುವುದಿಲ್ಲ. ಬರೆದಿಟ್ಟಿದ್ದೇನೆ.

ಫೆಬ್ರವರಿ ೧೬

ಭಾನುವಾರ. ನನಗೆ ರಜೆ. ಮಂತ್ರಿ ಇಡೀ ದಿನ ನನ್ನ ಕೈಯತ್ತ ತಿರುಗಿ ನೋಡಲಿಲ್ಲ. ಭಾನುವಾರ ಅವನಿಗೂ ರಜೆ ಇರಬೇಕು. ಕೈಯನ್ನು ಮೂಗಿನ ಹತ್ತಿರ ಹಿಡಿದೆ. ಸಭ್ಯತೆಗೆ ಒಮ್ಮೆ ಮೂಸಿ ಅಡುಗೆಮನೆಗೆ ಹೋದ.

ಫೆಬ್ರವರಿ ೨೬

ಗುಣವಿಲ್ಲ. ಹೊಟ್ಟೆಯ ಗಂಧೆ ಹಾಗೆಯೇ ಇದೆ, ಎಡಗಿವಿ ಮತ್ತೆ ಕೆಂಪು. ಊಟದ ಹೊತ್ತಿನಲ್ಲಿ ಭಾವಮೈದುನ ತಟ್ಟೆ ಬಿಟ್ಟು ಕಿವಿ ನೋಡುತ್ತ ಕುಳಿತಿದ್ದ. "ಇಷ್ಟರಲ್ಲಿ ಸ್ವಲ್ಪನಾದ್ರೂ ಇಳೀಬೇಕಿತ್ತಲ್ವಾ ಅಕ್ಕ" ಎಂದ, ಸಣ್ಣ ದನಿಯಲ್ಲಿ.

ಮೊಲ ಸೋತಿತು! ಸಿಹಿಗೆಣಸು ಸೋತಿತು! ನನ್ನೊಳಗೆ ಯಾರೋ ಗೆಜ್ಜೆ ಕಟ್ಟಿಕೊಂಡು ಕುಣಿದರು. ಅತ್ತ ನಾಯಿ ಗೋಡೆಗೆ ಮೈ ಉಜ್ಜುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡಿ ಕೊಂಚ ಮುಜುಗರವಾಯಿತು. ಕೊಂಚವೇ.

ಮಾರ್ಚ್ ೯

ಕಂಪನಿಯೊಡನೆ ಪರಸ್ಥಳದಲ್ಲಿದ್ದೇನೆ. ಏಳು ತಲೆಯ ರಾಕ್ಷಸನ ನಾಟಕ. ದಿನಕ್ಕೊಂದು ತಲೆಯ ಮೂಗು ಬೀಳುತ್ತದೆ, ನಾನು ಅಂಟಿಸುತ್ತೇನೆ.

ಹೆಂಡತಿಗೆ ಫೋನು ಮಾಡಿದೆ. ನನ್ನ ಆರೋಗ್ಯ ಕೇಳುತ್ತಾಳೆಂದು ಕಾದೆ.

"ರೀ, ಗೊತ್ತಾ? ಮಂತ್ರಿ ಕೆರೆಯೋದು ನಿಲ್ಲಿಸಿದ್ದಾನೆ! ಪಾದ ಒಣಗಿದೆ. ಹೊಟ್ಟೆ ಮೇಲೆ ಹೊಸ ಚರ್ಮ ಬರ್ತಿದೆ. ಇವನ ಮೊಲ ಕೊನೆಗೂ ಹಿಡೀತು ನೋಡಿ!"

"ಇವನು" ಎಂದರೆ ಅವಳ ತಮ್ಮ. ಹಿಂದಿನಿಂದ ಅವನ ನಗು ಕೇಳಿಸಿತು, ನಾಯಿ ಬೊಗಳಿದ್ದು ಕೇಳಿಸಿತು. ಭರ್ತಿ ಸಂಸಾರ. ನಾನಿಲ್ಲದ ಮನೆಯಲ್ಲಿ ಎಲ್ಲರ ಮೈಗೂ ಹೊಸ ಚರ್ಮ ಬರುತ್ತಿದೆ.

ಫೋನು ಇಟ್ಟು ರಾಕ್ಷಸನ ಒಂದು ತಲೆಗೆ ಕಣ್ಣು ಬರೆದೆ. ಬೇಡವೆಂದರೂ ಭಾವಮೈದುನನ ಕಣ್ಣೇ ಬಂತು.

ಮಾರ್ಚ್ ೧೭

ಮರಳಿ ಬಂದೆ! ಸಾಮಾನು ಇಳಿಸಿ, ಬಿರುಕುಬಿಟ್ಟ ತಲೆಗಳಿಗೆ ತೇಪೆ ಹಾಕಿ, ಅದೇ ಕೈಯಲ್ಲಿ ಮನೆಗೆ ನಡೆದೆ. ಮಂತ್ರಿ ಬಾಗಿಲಲ್ಲೇ ನನ್ನನ್ನು ಕೆಡವಿ, ಎರಡೂ ಕೈಯನ್ನು ಮೊಣಕೈವರೆಗೆ ನೆಕ್ಕಿದ. ಹೆಂಡತಿ ನೋಡಿದಳು, ಭಾವಮೈದುನ ನೋಡಿದ, ಮಹಡಿಯಿಂದ ಅಜ್ಜಿ ನೋಡಿದರು. ತುಂಬಿದ ಸಭೆಯಲ್ಲಿ ನನ್ನ ಪಟ್ಟಾಭಿಷೇಕ!

ಮಾರ್ಚ್ ೨೨

ಮತ್ತೆ ಕೆಂಪು. ಮೊದಲಿಗಿಂತ ಹೆಚ್ಚು. ಬಲಗಿವಿಯಿಂದ ನೀರು ಸೋರುತ್ತಿದೆ.

ಎಲ್ಲವೂ ಮಿಂಚಿನಂತೆ ಹೊಳೆಯಿತು. ನಾನು ಹೋದೆ, ಗುಣವಾಯಿತು. ನಾನು ಬಂದೆ, ಕೆಟ್ಟಿತು. ನಾನು ಬಂದ ಮೇಲೆ ಯಾರೋ ಕೆಡಿಸುತ್ತಿದ್ದಾರೆ! ಯಾರು? ನನ್ನ ಕೈಗೆ ಸಿಗುವ ಸನ್ಮಾನ ಕಂಡು ಹೊಟ್ಟೆ ಉರಿಯುವವರು ಯಾರು?

ಸಂಜೆ ಬೇಗ ಬಂದು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅವಿತೆ. ಮೊಣಕಾಲು ಅತ್ತಿತು; ಸಹಿಸಿದೆ. ಭಾವಮೈದುನ ಹಿತ್ತಿಲಿನಲ್ಲಿ ಮಂತ್ರಿಯ ಪಾದಕ್ಕೆ ಮುಲಾಮು ಹಚ್ಚುತ್ತಿದ್ದ. ಕೈಯಲ್ಲಿ ತಿಂಡಿಯಿರಲಿಲ್ಲ. ಜಾಣ! ಮುಲಾಮು ಮುಗಿದ ಮೇಲೆ ನಾಯಿಯ ಕುಂಡೆಗೆ ತಟ್ಟಿ ಹೇಳಿದ: "ಹೋಗೋ, ಭಾವ ಬರೋ ಹೊತ್ತಾಯ್ತು. ಬಾಗಿಲ ಹತ್ರ ನಿಂತ್ಕೊಂಡು ಕೈ ನೆಕ್ಕು. ಇಲ್ದಿದ್ರೆ ರಾತ್ರಿ ಊಟಕ್ಕೆ ಮುಖ ಗಡಿಗೆ ಗಾತ್ರ ಮಾಡ್ಕೊಂಡು ಕೂತ್ಕೋತಾರೆ."

ಏನು? ಹೇಳಿಕೊಟ್ಟು ನೆಕ್ಕಿಸುತ್ತಾನೆಯೆ? ನನ್ನ ಪಟ್ಟಾಭಿಷೇಕಕ್ಕೆ ಇವನು ಮಾತು ಒದಗಿಸುವವನೆ?

ಕಲ್ಲಿನ ಹಿಂದಿನಿಂದ ಎದ್ದು ನಿಂತೆ. "ಎಲೈ ಅಡುಗೆಯವನೇ!" ಎಂದೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ನಾಯಿಗೆ ಕದ್ದು ಏನೋ ತಿನ್ನಿಸಿ ನನ್ನ ಮೇಲೆ ಹಗೆ ಸಾಧಿಸುತ್ತಿದ್ದೀಯೆ, ಮಾತಿಲ್ಲದ ಜೀವದ ಮೈ ಸುಡುವಷ್ಟು ಅಸೂಯೆಯೆ ನಿನಗೆ, ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ದನಿ ಚೆನ್ನಾಗಿ ಏರಿತ್ತು.

ಅವನು ತಮಾಷೆ ಮಾಡಲಿಲ್ಲ. "ನಾನ್ಯಾಕೆ ಹಾಗೆ ಮಾಡ್ಲಿ ಭಾವ" ಎಂದ. "ಇದಕ್ಕೆ ಉಪ್ಪು ಹಾಕಲ್ಲ ಅಂತ ನಾನೂ ಉಪ್ಪು ಬಿಟ್ಟಿದ್ದೀನಿ, ಮರೆತು ಕೈ ತಪ್ಪೀತು ಅಂತ." ಒಳಗೆ ಹೋದ. ರಾತ್ರಿ ಊಟಕ್ಕೆ ಬರಲಿಲ್ಲ.

ಹೆಂಡತಿ ಅನ್ನ ಬಡಿಸುತ್ತ ಒಂದೇ ಮಾತು ಹೇಳಿದಳು: "ನಾಳಿದ್ದು ಡಾಕ್ಟರ ಹತ್ರ ನೀವೂ ಬನ್ನಿ. ಅಲ್ಲೇ ಕೂಗಿ."

ಮಾರ್ಚ್ ೨೪

ಬರೆಯಲೋ ಬೇಡವೋ. ಬರೆಯುತ್ತೇನೆ.

ಮೂವರೂ ಹೋದೆವು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ಕೇಳಿದರು. ಬ್ರೆಡ್ಡು ನಿಂತಿದೆ. ಬಿಸ್ಕತ್ತು ನಿಂತಿದೆ. ಅಜ್ಜಿಯ ಮೆಟ್ಟಿಲಿಗೆ ಹಲಗೆ ಅಡ್ಡ ಇಟ್ಟಿದೆ. ಅಷ್ಟರಲ್ಲಿ ಅವರ ಕಣ್ಣು ನನ್ನ ಅಂಗಿಯ ತೋಳಿನ ಮೇಲೆ ನಿಂತಿತು. ಉಗುರಿನಿಂದ ಒಂದು ಬಿಳಿ ಹಕ್ಕಳೆ ಎಬ್ಬಿಸಿದರು.

"ಇದೇನು?"

"ಅಂಟು ತಾಯಿ. ಮುಖವಾಡದ್ದು. ಇದು ಕಲಾವಿದನ ಪದಕ."

"ಕೈಗೂ ಮೆತ್ತಿಕೊಳ್ಳುತ್ತಾ?"

"ಮೊಣಕೈವರೆಗೆ!"

"ನಾಯಿ ನಿಮ್ಮ ಕೈ ನೆಕ್ಕುತ್ತಾ?"

ಆಹಾ, ಈ ಪ್ರಶ್ನೆಗಾಗಿ ಎಷ್ಟು ದಿನದಿಂದ ಕಾದಿದ್ದೆ! ಹೆಂಡತಿಯೂ ಇದ್ದಾಳೆ, ಅವಳ ತಮ್ಮನೂ ಇದ್ದಾನೆ. ಎದ್ದು ನಿಂತೆ. ಎರಡೂ ಕೈ ಮೇಲೆತ್ತಿದೆ. "ನನ್ನ ಕೈ ಮಾತ್ರ, ತಾಯಿ! ಇಡೀ ಮನೆಯಲ್ಲಿ ನನ್ನ ಕೈ ಮಾತ್ರ! ದಿನವೂ, ಕೆಲಸದಿಂದ ಬಂದ ಕೂಡಲೆ, ಒಂದು ಬೆರಳನ್ನೂ ಬಿಡದೆ!"

ಹೊರಗೆ ಕಾಯುತ್ತಿದ್ದ ಬೆಕ್ಕುಗಳೂ ಬುಟ್ಟಿಯಿಂದ ಇಣುಕಿದವು.

"ಅಂಟು ಯಾವುದರಲ್ಲಿ ಮಾಡ್ತೀರಿ?" ಎಂದರು ಡಾಕ್ಟರಮ್ಮ, ಬಹಳ ಮೆಲ್ಲಗೆ.

"ಮೈದಾ ಹಿಟ್ಟಿನಲ್ಲಿ. ಕುದಿಸಿ..."

ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳಿಸಿತು. ಮೈದಾ. ಗೋಧಿ. ಇಪ್ಪತ್ತು ವರ್ಷದಿಂದ ಆ ಅಂಟಿನ ಗುಡಾಣ ಕಲಕುತ್ತಿದ್ದೇನೆ. ಅದನ್ನು ಅಂಟೆಂದಲ್ಲದೆ ಬೇರೇನೆಂದೂ ಕರೆದವನಲ್ಲ. ತಿನ್ನುವ ವಸ್ತುವೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಕೈ ಇನ್ನೂ ಮೇಲೆಯೇ ಇತ್ತು. ಇಳಿಸಿದೆ.

ಭಾವಮೈದುನ ಈಗ ಏನಾದರೂ ಅನ್ನಬಹುದಿತ್ತು. ಅವನ ಪಾಲಿಗೆ ರಂಗ ತೆರವಾಗಿತ್ತು, ದೀಪವೆಲ್ಲ ಅವನ ಮೇಲಿತ್ತು. ಅವನು ನಾಯಿಯ ಕುತ್ತಿಗೆ ತುರಿಸುತ್ತ, "ಹಾಗಾದ್ರೆ ಮೊಲ ಒಗ್ಗುತ್ತೆ ಅಲ್ವಾ ಡಾಕ್ಟ್ರೇ?" ಎಂದು ಮಾತ್ರ ಕೇಳಿದ.

ಇದಕ್ಕಾಗಿಯೂ ಅವನ ಮೇಲೆ ಹೊಟ್ಟೆ ಉರಿಯುತ್ತದೆ.

ಮಾರ್ಚ್ ೨೫

ಕಾರ್ಖಾನೆಯಲ್ಲೇ ಸೋಪು ಹಚ್ಚಿ ಕೈ ತೊಳೆದೆ. ಅಂಗಿ ಬದಲಿಸಿದೆ. ಬಾಗಿಲು ತೆರೆದೆ.

ಮಂತ್ರಿ ಓಡಿಬಂದ. ಮೂಸಿದ. ನಿಂತ. ಇನ್ನೊಂದು ಕೈ ಮೂಸಿದ.

ಹೋದ.

ಏಪ್ರಿಲ್ ೬

ರಬ್ಬರಿನ ಕೈಗವಸು ತೊಟ್ಟು ಕೆಲಸ ಮಾಡುತ್ತಿದ್ದೇನೆ. ಬಣ್ಣ ಬಳಿಯುವವನು, "ಏನ್ ಯಜಮಾನ್ರೇ, ರಾಕ್ಷಸನಿಗೆ ಹೆರಿಗೆ ಮಾಡಿಸ್ತಿದ್ದೀರಾ?" ಎಂದ.

ಮಂತ್ರಿ ಈಗ ಬಾಗಿಲಿಗೆ ಬರುವುದಿಲ್ಲ.

ಏಪ್ರಿಲ್ ೨೮

ಹೊಟ್ಟೆಯ ಮೇಲೆ ರೋಮ ಬಂದಿದೆ. ಸಣ್ಣಗೆ, ಪೀಚ್ ಹಣ್ಣಿನ ಸಿಪ್ಪೆಯಂತೆ. ಹಾಗೆಂದು ಹೆಂಡತಿಗೆ ಹೇಳಿದೆ, ಅವಳು ನೋಡಿದಳು. ಭಾವಮೈದುನನನ್ನು ಕರೆದು ತೋರಿಸಿದೆ, ಅವನೂ ನೋಡಿದ. ಮೂವರೂ ನೆಲದ ಮೇಲೆ ಕುಳಿತು ನಾಯಿಯ ಹೊಟ್ಟೆ ನೋಡುವುದನ್ನು ಕಂಡು ಅಜ್ಜಿ, "ಮರಿ ಹಾಕ್ತಾ?" ಎಂದರು.

ಭಾವಮೈದುನನಿಗೆ ಜ್ವರ. ಹಾಗಾಗಿ ಮೊಲ ನಾನೇ ಬೇಯಿಸಿದೆ. ಅವನು ಮಂಚದಿಂದಲೇ ಕೂಗಿ ಹೇಳುತ್ತಿದ್ದ: "ನೊರೆ ತೆಗೀರಿ ಭಾವ! ಮೂಳೆ ಚೂರು ಉಳಿದೀತು, ಬೆರಳಲ್ಲಿ ನೋಡಿ, ಕಣ್ಣಲ್ಲಲ್ಲ!" ನನಗೇ ನಿರ್ದೇಶನ! ಆದರೆ ಒಂದು ಚೂರು ಇತ್ತು, ಸೂಜಿಯಂಥದ್ದು. ಬೆರಳಿಗೇ ಸಿಕ್ಕಿತು.

ಮಂತ್ರಿ ಉಂಡ. ತಿರುಗಿ ನೋಡಲಿಲ್ಲ. ಹೋಗಿ ಜ್ವರದವನ ಮಂಚದ ಕೆಳಗೆ ಮಲಗಿದ. ಬೇಯಿಸುವವನಿಗೆ ಏನೂ ಸಿಗುವುದಿಲ್ಲವೆಂದು ಈಗ ತಿಳಿಯಿತು.

ಮೇ ೩೦

ಪರೀಕ್ಷೆ ಮುಗಿಯಿತು. ಡಾಕ್ಟರಮ್ಮ ಹೇಳಿದಂತೆ ಒಂದೊಂದನ್ನೇ ಮರಳಿ ಕೊಟ್ಟು ನೋಡಿದೆವು. ಮೀನು ಒಗ್ಗಿತು, ಕೋಳಿ ಒಗ್ಗಿತು. ಬ್ರೆಡ್ಡಿನ ತುಂಡು ಕೊಟ್ಟ ಮೂರನೆಯ ದಿನ ಬಲಗಿವಿ ಮತ್ತೆ ಕೆಂಪಾಗಿ ಸೋರಿತು. ಗೋಧಿಯೇ. ಇನ್ನು ಬದುಕಿಡೀ ಗೋಧಿಯಿಲ್ಲ, ಮಾತ್ರೆಯೂ ಇಲ್ಲ.

ಬೆಣ್ಣೆ ಬ್ರೆಡ್ಡಿನದೂ ಪಾಲಿತ್ತೆಂದು ಹೆಂಡತಿಗೆ ನೆನಪಿಸಿದೆ. "ಬ್ರೆಡ್ಡು ಫೆಬ್ರವರೀಲೇ ನಿಂತಿತ್ತು" ಎಂದಳು.

ಜೂನ್ ೮

ಭಾವಮೈದುನನಿಗೆ ಕೆಲಸ ಸಿಕ್ಕಿದೆ. ಬೇರೆ ಊರಿನ ಆಸ್ಪತ್ರೆಯೊಂದರ ಅಡುಗೆಮನೆ. ಇರಲು ಅಂಗಳವಿರುವ ಮನೆಯೂ ಕೊಡುತ್ತಾರೆ. ಹಜಾರದ ಮಂಚ ಖಾಲಿಯಾಗುತ್ತದೆ! ಕಹಳೆ ಮೊಳಗಲಿ ಎಂದುಕೊಳ್ಳುವಷ್ಟರಲ್ಲಿ ಅವನು ಅಕ್ಕನ ಹಿಂದೆ ನಿಂತು, ಕಾಲುಬೆರಳಿನಿಂದ ನೆಲ ಗೀರುತ್ತ ಕೇಳಿದ: "ಭಾವ... ಮಂತ್ರೀನ ಕರ್ಕೊಂಡು ಹೋಗ್ಲಾ?"

ನನ್ನ ದನಿಗೆ ಅಜ್ಜಿ ಮಹಡಿಯಿಂದ ಇಳಿದು ಬಂದರು.

ಹೆಂಡತಿ ಎರಡೂ ಕಡೆ ನೋಡಿದಳು. "ನಾನು ಯಾರ ಪರಾನೂ ಅಲ್ಲ" ಎಂದಳು.

"ಹಾಗಾದರೆ ಮಂತ್ರಿಯೇ ಹೇಳಲಿ!" ಎಂದೆ. "ಬೀದಿಯ ಆ ತುದಿಗೆ ನೀನು, ಈ ತುದಿಗೆ ನಾನು. ಕರೆಯುವಂತಿಲ್ಲ, ತಿಂಡಿ ತೋರಿಸುವಂತಿಲ್ಲ. ಯಾರ ಬಳಿ ಹೋಗುತ್ತಾನೋ ಅವರವನು!"

"ಬೇಡ ಭಾವ" ಎಂದ ಅವನು. "ನಾಯಿಗ್ಯಾಕೆ ಆ ಕಷ್ಟ."

"ಹೆದರಿದೆಯಾ?" ಎಂದೆ. ಅದಕ್ಕೆ ಒಪ್ಪಿದ.

ಜೂನ್ ೧೪

ಬೆಳಿಗ್ಗೆ ಕಾರ್ಖಾನೆಗೆ ಹೋದೆ. ಗುಡಾಣದಲ್ಲಿ ಅಂಟು ಆಗತಾನೆ ಕುದಿದು ಆರಿತ್ತು. ಕೈಗವಸಿಲ್ಲದೆ ಒಮ್ಮೆ ಅದ್ದಿದೆ, ಹಳೆಯ ಅಭ್ಯಾಸ. ಮೊಣಕೈವರೆಗೆ. ಹಾಗೆಯೇ ಮನೆಗೆ ನಡೆದರೆ ಸಾಕಿತ್ತು. ಕರೆಯಬೇಕಿಲ್ಲ, ತಿಂಡಿ ತೋರಿಸಬೇಕಿಲ್ಲ. ನಾಯಿ ಬೀದಿಯಲ್ಲ, ಊರು ದಾಟಿ ನನ್ನ ಬಳಿ ಬರುತ್ತಿತ್ತು. ನಿಯಮದಲ್ಲಿ ಅಂಟಿನ ಮಾತೇ ಇರಲಿಲ್ಲ.

ನಲ್ಲಿಯ ಕೆಳಗೆ ತೊಳೆದುಕೊಂಡೆ. ಸೋಪು ಮುಗಿದಿತ್ತು, ಬಣ್ಣದವನ ಸೋಪು ಕಡ ತಂದು ಉಗುರಿನ ಬುಡಕ್ಕೆ ಬ್ರಷ್ ಹಾಕಿ ಉಜ್ಜಿದೆ. ಧರ್ಮ ಕರ್ಮ ಎಂದೇನಲ್ಲ. ಆ ಬಲಗಿವಿ ಒಣಗಿ ಇನ್ನೂ ವಾರವಾಗಿಲ್ಲ.

ಬೀದಿಗೆ ಪ್ರೇಕ್ಷಕರು ಬಂದಿದ್ದರು. ಅಜ್ಜಿಗೆ ಕುರ್ಚಿ ಹಾಕಿದ್ದರು. ಹೆಂಡತಿ ನಡುವೆ ನಿಂತು ಮಂತ್ರಿಯ ಕೊರಳ ಪಟ್ಟಿ ಹಿಡಿದಿದ್ದಳು. ನಾನು ಈ ತುದಿಯಲ್ಲಿ, ರಾಜರು ನಿಲ್ಲುವ ಹಾಗೆ. ಆ ತುದಿಯಲ್ಲಿ ಭಾವಮೈದುನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹೆಂಡತಿ ಪಟ್ಟಿ ಬಿಟ್ಟಳು.

ಮಂತ್ರಿ ನನ್ನ ಕಡೆ ನೋಡಿದ. ಅವನ ಕಡೆ ನೋಡಿದ. ಅವನ ಕಡೆಗೆ ನಡೆದ.

ನಾಯಿಗಳು ನಡೆಯುವುದನ್ನು ಬಹಳ ನೋಡಿದ್ದೇನೆ. ಇವನು ಮಾತ್ರ ಕಾಯಿಲೆಯ ದಿನಗಳಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಕುಸಿದು ಕುಳಿತು, ಹಿಂಗಾಲಿನಿಂದ ಕಿವಿ ಬಡಿದು, ಹೊಟ್ಟೆ ಕಚ್ಚಿ, ಮತ್ತೆ ಏಳುತ್ತಿದ್ದ. ಇಂದು ಮೊದಲ ಮನೆ ದಾಟಿದ, ಕುಳಿತುಕೊಳ್ಳಲಿಲ್ಲ. ಚಪ್ಪಲಿ ಹೊಲಿಯುವವನ ಅಂಗಡಿ ದಾಟಿದ. ಇನ್ನೇನು ಕುಳಿತ ಎಂದುಕೊಂಡೆ; ಇಲ್ಲ. ಬಾಲವನ್ನು ಪತಾಕೆಯಂತೆ ಎತ್ತಿ ಬೀದಿಯ ಉದ್ದಕ್ಕೂ, ಒಂದು ಸಲವೂ ಕೆರೆದುಕೊಳ್ಳದೆ, ನೆಟ್ಟಗೆ, ಬಿಸಿಲಿನಲ್ಲಿ ಹೊಸ ರೋಮ ಮಿಂಚಿಸುತ್ತ, ಕೊನೆಯವರೆಗೆ ನಡೆದುಬಿಟ್ಟ. ಇಡೀ ಜೀವಮಾನದಲ್ಲಿ ಅಂಥ ಪ್ರವೇಶ ನಾನು ಮಾಡಿಲ್ಲ.

ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ಏಕೆಂದು ಅರ್ಥವಾಗಲಿಲ್ಲ. ಆಮೇಲೆ ಕಂಡಿತು: ಚಪ್ಪಾಳೆ ಹೊಡೆಯುತ್ತಿದ್ದವನು ನಾನೊಬ್ಬನೇ.